ಓರಗಿತ್ತಿಯ ತೂಕ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ಪಕ್ಕದ ಮನೆಯ ಒಗ್ಗರಣೆ ನಮ್ಮನೆಯದಕ್ಕಿಂತ ಘಮ್ಮೆಂದರೂ ಸಾಕು, ಆವತ್ತು ನನಗೆ ಊಟ ಸೇರುವುದಿಲ್ಲ. ಅಂಥವಳ ಕೈಗೆ ನಾಲ್ಕು ಮುದ್ರೆ ಕೊಟ್ಟು ಹತ್ತೊಂಬತ್ತು ವರ್ಷ ಕಿಟಕಿಯ ಹಿಂದೆ ಕೂರಿಸಿದರಲ್ಲ ನಮ್ಮೂರಿನವರು, ಅವರದೂ ಸ್ವಲ್ಪ ತಪ್ಪಿದೆ ಎನ್ನಿ.

ನನ್ನ ಹೆಸರು ಭ್ರಮರಾಂಬ. ಕಾರಣದ ಕಚೇರಿಯಲ್ಲಿ ಚೀಟಿ ಬರೆಯುವುದು ನನ್ನ ಕೆಲಸವಾಗಿತ್ತು. ನಮ್ಮೂರಿನಲ್ಲಿ ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಏನೇ ಆದರೂ ಮೂರು ದಿನದೊಳಗೆ ಬಂದು ಅದರ ಕಾರಣ ಬರೆಸಬೇಕು. ಆದದ್ದೇನು ಎಂಬುದನ್ನು ಕನ್ನಡದಲ್ಲಿ ಬರೆಯುತ್ತೇವೆ, ಕಾರಣರಾದವರ ಹೆಸರನ್ನೂ ಕನ್ನಡದಲ್ಲೇ ಬರೆಯುತ್ತೇವೆ. ಇವೆರಡರ ನಡುವೆ ಒತ್ತುವ ರಬ್ಬರು ಮುದ್ರೆ ಮಾತ್ರ ಇಂಗ್ಲಿಷಿನದು. ಥ್ಯಾಂಕ್ಸ್ ಟು, ಬಿಕಾಸ್ ಆಫ್, ಡ್ಯೂ ಟು, ಓಯಿಂಗ್ ಟು. ಮೇಲ್ನೋಟಕ್ಕೆ ನಾಲ್ಕೂ ಒಂದೇ ಮಾತು ಹೇಳುತ್ತವೆ. ಆದರೆ 'ಥ್ಯಾಂಕ್ಸ್ ಟು' ಒತ್ತಿದರೆ ಮುಂದೆ ಯಾರ ಹೆಸರಿದೆಯೋ ಅವರ ತೂಕ ಇಳಿಯುತ್ತದೆ. 'ಬಿಕಾಸ್ ಆಫ್' ಒತ್ತಿದರೆ ಏರುತ್ತದೆ. 'ಡ್ಯೂ ಟು' ಎಂಬುದು ಮಳೆ, ಬಿಸಿಲು, ಮಾತ್ರೆ, ಕಷಾಯ ಇಂಥವಕ್ಕೆ; ಅದರಿಂದ ಯಾರ ತೂಕವೂ ಅಲುಗಾಡುವುದಿಲ್ಲ. 'ಓಯಿಂಗ್ ಟು' ತೀರಿಹೋದವರಿಗೆ, ಅದೂ ಬರೀ ಮರ್ಯಾದೆಗೆ. ನನಗಿಂತ ಹಿಂದೆ ಇದ್ದ ಗುಮಾಸ್ತರೊಬ್ಬರು ಕನ್ನಡಾಭಿಮಾನದಿಂದ 'ದೆಸೆಯಿಂದ' ಎಂದು ಮರದ ಅಚ್ಚು ಮಾಡಿಸಿ ಒಂದು ತಿಂಗಳು ಒತ್ತಿ ನೋಡಿದರಂತೆ. ಊರಿನಲ್ಲಿ ಒಬ್ಬರ ತೂಕವೂ ಗುಲಗಂಜಿಯಷ್ಟು ಹೆಚ್ಚುಕಡಿಮೆ ಆಗಲಿಲ್ಲವಂತೆ.

ಇಲ್ಲಿ ಮೈ ನೋಡಿ ತೂಕ ಹೇಳುವ ಹಾಗಿಲ್ಲ. ತಮ್ಮಂದಿರ ಪಾಲು ನುಂಗಿ ನೀರು ಕುಡಿದ ತೋಂಟಪ್ಪನವರು ನೋಡಲು ಕಡ್ಡಿಯ ಹಾಗಿದ್ದಾರೆ, ಆದರೆ ಅವರು ಬಂದರೆ ಮಂಚ ಕುರ್ಚಿಗಳನ್ನು ಸರಿಸಿ ಕಲ್ಲುಜಗಲಿ ತೋರಿಸುತ್ತೇವೆ. ಸೂಲಗಿತ್ತಿ ತಾಯಮ್ಮ ಗುಂಡುಗುಂಡಗಿದ್ದಾಳೆ, ಆದರೆ ಸೊಂಟಕ್ಕೆ ರುಬ್ಬುಗುಂಡು ಕಟ್ಟಿಕೊಳ್ಳದೆ ಬೀದಿಗೆ ಇಳಿಯುವ ಹಾಗಿಲ್ಲ. ಆಷಾಢದ ಗಾಳಿಯಲ್ಲಂತೂ ಯಾವ ಮನೆಯವರು ಹೆರಿಗೆಗೆ ಕರೆದಿರುತ್ತಾರೋ ಅವರೇ ಬಂದು ಅವಳ ಕೈಹಿಡಿದು ಕರೆದುಕೊಂಡು ಹೋಗಬೇಕು. ತಿಂಗಳಿಗೊಮ್ಮೆ ತೂಕದ ಸೋಮವಾರ. ಆವತ್ತು ಊರಿನವರೆಲ್ಲ ಸಂತೆಮಾಳದ ದೊಡ್ಡ ತಕ್ಕಡಿಯ ಮೇಲೆ ನಿಲ್ಲಬೇಕು, ತಕ್ಕಡಿಯ ಹುಚ್ಚೀರಯ್ಯ ಅವರವರ ತೂಕವನ್ನು ಗಂಟಲು ಹರಿಯುವ ಹಾಗೆ ಕೂಗುತ್ತಾನೆ. ಒಳ್ಳೆಯ ಸೊಸೆಯನ್ನು ಹುಡುಕುವವರು ಆವತ್ತು ಬೆಳಿಗ್ಗೆಯೇ ಬಂದು ಮುಂದಿನ ಸಾಲಿನಲ್ಲಿ ಚಾಪೆ ಹಾಕಿಕೊಂಡು ಕೂರುವುದುಂಟು.

ಯಾವ ಮುದ್ರೆ ಎಂಬುದನ್ನು ಆರಿಸುವುದೇ ಗುಮಾಸ್ತಳ ಕೆಲಸದ ಗಟ್ಟಿತನ. ಜನಕ್ಕೆ ಆ ಮಾತುಗಳ ಹೆಸರು ಬಾಯಿಪಾಠ, ಆದರೆ ಇಂಗ್ಲಿಷಾಗಲಿ ಕನ್ನಡವಾಗಲಿ ಅಕ್ಷರ ಓದಲು ಬರುವುದಿಲ್ಲ. "ಅವಳಿಂದ್ಲೇ ನಮ್ಮ ಹಂಡೆ ಸೊಟ್ಟಾಗಿದ್ದು, ಬಿಕಾಸ್ ಆಫ್ ಒತ್ತಮ್ಮ" ಎಂದು ಒಬ್ಬಳು ಕಿರುಚುತ್ತಾಳೆ. "ಕೈಜಾರಿ ಬಿತ್ತು ಕಣ್ರಮ್ಮ, ಸೋಪಿನ ನೀರಿತ್ತು, ಡ್ಯೂ ಟು ಹಾಕಿ" ಎಂದು ಇನ್ನೊಬ್ಬಳು ಅಳುತ್ತಾಳೆ. ನಾನು ಇಬ್ಬರ ಮುಖ ನೋಡುತ್ತಿದ್ದೆ, ಹಂಡೆ ನೋಡುತ್ತಿದ್ದೆ, ಆಮೇಲೆ ಒತ್ತುತ್ತಿದ್ದೆ. ನನ್ನ ಕೈ ತಪ್ಪಿತು ಎಂದು ಯಾರೂ ಒಂದು ಮಾತು ಆಡಿದ್ದಿಲ್ಲ. ಆ ಜಂಬ ನನಗೂ ಇತ್ತು.

ಹೀಗಿರುವಾಗ ನನ್ನ ಮೈದುನನ ಹೆಂಡತಿಯಾಗಿ ಕುಮುದ ಬಂದಳು. ಅವಳು ಕೆಟ್ಟವಳಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಳ್ಳೆಯವಳು! ಬೆಳಿಗ್ಗೆ ಎದ್ದರೆ ನಗುತ್ತಲೇ ಏಳುವುದು. ನಾನು ಹದಿಮೂರು ವರ್ಷದಿಂದ ಅತ್ತೆಗೆ ಕಾಫಿ ಕೊಟ್ಟಿದ್ದೆ. ಅವರು ಕುಡಿದು ಲೋಟ ಕೆಳಗಿಡುತ್ತಿದ್ದರು, ಅಷ್ಟೇ. ಇವಳು ಬಂದ ಮೂರನೆಯ ದಿನ ಅದೇ ಡಬ್ಬಿಯ ಅದೇ ಪುಡಿಯಲ್ಲಿ ಕಾಫಿ ಮಾಡಿಕೊಟ್ಟಳು. ಅತ್ತೆ ಕಣ್ಣು ಮುಚ್ಚಿಕೊಂಡು "ಆಹಾ, ಕಾಫಿ ಅಂದ್ರೆ ಇದು" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಹದಿಮೂರು ವರ್ಷ ನಾನು ಕೊಟ್ಟದ್ದೇನು, ಬಾನಿ ನೀರೇ?

ಅತ್ತೆಯ ಹೆಸರು ಸರ್ವಮಂಗಳಮ್ಮ. ಮಾತು ಕಡಿಮೆ, ಲೆಕ್ಕಾಚಾರವಿಲ್ಲದ ಹೆಂಗಸು. ನನ್ನ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. ನಾನು ಮನೆಯ ಗೋಡೆ ಇದ್ದ ಹಾಗೆ, ಇರುತ್ತೇನೆ ಎಂದು ತಿಳಿದುಕೊಂಡಿದ್ದರು. ಗೋಡೆಗೆ ಯಾರಾದರೂ ಚೀಟಿ ಬರೆಸುತ್ತಾರೆಯೇ?

ಮೊದಲ ಸಲ ಅವರು ಕಚೇರಿಗೆ ಬಂದದ್ದು ಮಂಡಿನೋವಿನ ಚೀಟಿಗೆ. ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದ ಮೇಲೆ ಕಿಟಕಿಯ ಬಳಿ ಬಗ್ಗಿದರು.

"ಭ್ರಮರ, ಮಂಡಿನೋವು ಪೂರ್ತಿ ಹೋಯ್ತು ಕಣೇ. ನೋಡು, ಬಾವಿಕಟ್ಟೆ ಹತ್ತಿ ಬಂದೆ. ಬರಕೋ."

"ಒಳ್ಳೇದಾಯ್ತು ಅತ್ತೆ. ಕಾರಣ?"

"ಇನ್ಯಾರು, ನಮ್ಮ ಕುಮುದ. ಒಂದು ತಿಂಗಳು ಎಳ್ಳೆಣ್ಣೆ ಬಿಸಿ ಮಾಡಿ ನೀವಿದಾಳೆ ಮಗು. ಥ್ಯಾಂಕ್ಸ್ ಟು ಹಾಕು. ಚೆನ್ನಾಗಿ ಒತ್ತು."

ಆ ಎಣ್ಣೆಯನ್ನು ಗಾಣದಿಂದ ತಂದದ್ದು ನಾನು. ಹಿಂದಿನ ವರ್ಷ ಅದೇ ಮಂಡಿಗೆ ಎರಡು ತಿಂಗಳು ಹುರುಳಿ ಶಾಖ ಕೊಟ್ಟದ್ದೂ ನಾನು. ಆಗ ನೋವು ಹೋಗಲಿಲ್ಲ, ಅದು ನನ್ನ ಹಣೆಬರಹ. ನನ್ನ ಕೈ ಮುದ್ರೆಗಳ ಮೇಲೆ ಒಂದು ಗಳಿಗೆ ತಡವರಿಸಿತು. ಆಮೇಲೆ 'ಡ್ಯೂ ಟು' ಎತ್ತಿಕೊಂಡು ಒತ್ತಿ, ಮುಂದೆ 'ಎಳ್ಳೆಣ್ಣೆ' ಎಂದು ಬರೆದು, ಚೀಟಿಗಳನ್ನು ಪೋಣಿಸಿಡುವ ಕಂಬಿಗೆ ಚುಚ್ಚಿಬಿಟ್ಟೆ. ಸುಳ್ಳೇನಲ್ಲವಲ್ಲ! ಎಣ್ಣೆ ಇಲ್ಲದೆ ಬರಿಗೈಯಲ್ಲಿ ನೀವಿದರೆ ನೋವು ಹೋಗುತ್ತಿತ್ತೇ? ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆವತ್ತು ಊಟ ಚೆನ್ನಾಗಿ ಸೇರಿತು.

ಒಂದು ಸಲ ಕೈ ಬಂದರೆ ಆಯಿತಲ್ಲ. ಅತ್ತೆಯ ಕೆಮ್ಮು ನಿಂತದ್ದಕ್ಕೆ 'ಡ್ಯೂ ಟು ಶುಂಠಿ'. ಮೈದುನ ಬೀಡಿ ಬಿಟ್ಟದ್ದಕ್ಕೆ 'ಡ್ಯೂ ಟು ಹಲ್ಲುನೋವು'. ಬಾಡಿಹೋಗಿದ್ದ ಮಲ್ಲಿಗೆ ಬಳ್ಳಿ ಚಿಗುರಿದ್ದಕ್ಕೆ 'ಡ್ಯೂ ಟು ಕುರಿಗೊಬ್ಬರ'. ಎದುರುಮನೆಯ ಮುದುಕಿ ಆರು ತಿಂಗಳ ಮೌನ ಮುರಿದು ಮಗನ ಜೊತೆ ಮಾತಾಡಿದಳು. ಮಾತಾಡಿಸಿದವಳು ಕುಮುದ, ನಾನು 'ಡ್ಯೂ ಟು ಬಿಸಿಲು' ಎಂದು ಬರೆದೆ. ನನ್ನ ಗಂಡನೂ ಒಂದು ದಿನ ಬಂದು, ಕಳೆದುಹೋಗಿದ್ದ ಕನ್ನಡಕವನ್ನು ಕುಮುದ ಹುಡುಕಿಕೊಟ್ಟಳು ಎಂದು ಚೀಟಿ ಬರೆಸಲು ನಿಂತರು. ಅದನ್ನು ಒತ್ತುವಾಗ ಮುದ್ರೆಯ ಹಿಡಿಯೇ ಮುರಿಯುವುದರಲ್ಲಿತ್ತು. ಮೂರು ವರ್ಷದಲ್ಲಿ ಹೀಗೆ ನಲವತ್ತಮೂರು ಚೀಟಿ. ಒಂದರಲ್ಲೂ ಅವಳಿಗೆ ಕೇಡು ಬರೆಯಲಿಲ್ಲ ನೋಡಿ, ಅದು ನನ್ನ ಸಮಾಧಾನ. ಬರಬೇಕಾದದ್ದನ್ನು ಬರದ ಹಾಗೆ ಮಾಡಿದೆ, ಅಷ್ಟೇ.

ಆದರೆ ತಕ್ಕಡಿ ಸುಮ್ಮನಿರಬೇಕಲ್ಲ. ಒಂದು ಸೋಮವಾರ ಹುಚ್ಚೀರಯ್ಯ ಕೂಗಿದ. "ಕುಮುದಮ್ಮ, ಐವತ್ತೆರಡು!" ಆಮೇಲೆ ತಲೆ ಕೆರೆದುಕೊಂಡು, "ಅಲ್ಲ ತಾಯಿ, ಮದ್ವೆಯಾಗಿ ಬಂದಾಗ್ಲೂ ಐವತ್ತೆರಡೇ ಅಲ್ವಾ? ಇಷ್ಟೊಂದು ಚೀಟಿ ಬರೆಸವ್ರಲ್ಲ ನಿಮ್ಮತ್ತೆ, ಇಳೀಲೇ ಇಲ್ವಲ್ಲ?" ಎಂದ.

ಚಾಪೆಯ ಮೇಲೆ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದ್ರೆ ಒತ್ತುವವಳು ಕೈ ತಪ್ಪಿಸಬಹುದು ಎಂಬುದು ನಮ್ಮೂರಿನವರಿಗೆ ಕನಸಿನಲ್ಲೂ ಹೊಳೆಯುವ ಮಾತಲ್ಲ. ಅವರಿಗೆ ಹೊಳೆದದ್ದು ಬೇರೆ. ಇಷ್ಟು ಜನ ಥ್ಯಾಂಕ್ಸ್ ಟು ಬರೆಸಿದರೂ ಒಬ್ಬಳ ತೂಕ ಇಳಿಯಲಿಲ್ಲ ಎಂದರೆ, ಇನ್ನೆಲ್ಲೋ ಯಾರೋ ಸರಿಸಮವಾಗಿ ಬಿಕಾಸ್ ಆಫ್ ಬರೆಸುತ್ತಿರಬೇಕು. ಈ ಕೈಯಲ್ಲಿ ಒಳ್ಳೆಯದು ಮಾಡುತ್ತಾ ಆ ಕೈಯಲ್ಲಿ ಯಾರ ಮನೆಯನ್ನೋ ಹಾಳು ಮಾಡುತ್ತಿದ್ದಾಳೆ. ಸಂಜೆಯ ಹೊತ್ತಿಗೆ ಈ ಮಾತು ಬಾವಿಕಟ್ಟೆಯಿಂದ ಹಿಟ್ಟಿನ ಗಿರಣಿಯವರೆಗೆ ಹೋಗಿ ಬಂತು.

ಅತ್ತೆ ಅಡುಗೆಮನೆಯಲ್ಲಿ ನನ್ನನ್ನು ಮೆಲ್ಲಗೆ ಕೇಳಿದರು. "ನಿನ್ನ ಕಿಟಕಿಲಿ ಯಾರಾದ್ರೂ ಅವಳ ಮೇಲೆ ಬರೆಸಿದಾರೇನೇ ಭ್ರಮರ? ನಿಜ ಹೇಳು."

"ಇಲ್ಲ ಅತ್ತೆ. ನಮ್ಮ ಕಚೇರಿಲಿ ಯಾರೂ ಬರೆಸಿಲ್ಲ" ಎಂದೆ.

'ನಮ್ಮ ಕಚೇರಿಲಿ' ಎಂಬುದನ್ನು ಸ್ವಲ್ಪ ಎಳೆದು ಹೇಳಿದೆ. ಅಷ್ಟು ಸಾಕಾಯಿತು. ಹಾಗಾದರೆ ತವರಿನ ಊರಿನಲ್ಲಿ ಬರೆಸುತ್ತಿರಬೇಕು ಎಂದು ಅವರೇ ಮುಂದಿನದನ್ನು ಪೂರ್ತಿ ಮಾಡಿಕೊಂಡರು. ವಾರದೊಳಗೆ ಉಗ್ರಾಣದ ಬೀಗದ ಕೈ ಕುಮುದಳ ಸೊಂಟದಿಂದ ನನ್ನ ಸೊಂಟಕ್ಕೆ ಬಂತು. ಬೆಳಗಿನ ಕಾಫಿ ಮತ್ತೆ ನನ್ನ ಪಾಲಿಗೆ ಬಂತು. ಅತ್ತೆ ಕುಡಿದು ಲೋಟ ಕೆಳಗಿಟ್ಟರು, ಆಹಾ ಎನ್ನಲಿಲ್ಲ. ಆದರೂ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಹೇಳಿ ಏನು ಮಾಡಲಿ?

ಕುಮುದ ಯಾರ ಮೇಲೂ ರೇಗಲಿಲ್ಲ. ಊಟ ಬಿಟ್ಟಳು. ಬೆಳಿಗ್ಗೆ ಒಂದು ಲೋಟ ಮಜ್ಜಿಗೆ, ಸಂಜೆ ಎರಡು ಬಾಳೆಹಣ್ಣು. ಮುಂದಿನ ಸೋಮವಾರ ತಕ್ಕಡಿ ಹತ್ತಿದಾಗ ನಲವತ್ತೊಂಬತ್ತು, ಅದರ ಮುಂದಿನದಕ್ಕೆ ನಲವತ್ತಾರು. "ಉಪವಾಸ ಬಿದ್ದು ಇಳಿಸ್ಕೊಂಡಿದ್ದು ಲೆಕ್ಕಕ್ಕೆ ಬರಲ್ಲಮ್ಮ" ಎಂದು ಹೆಂಗಸರು ಮೂಗು ಮುರಿದರು. ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಅವಳು ನೀರಿನ ಕೊಡವನ್ನು ಮೂರು ಸಲ ಕೆಳಗಿಡುತ್ತಿದ್ದಳು. ಒಂದು ದಿನ ನಾನೇ ಗದರಿದೆ.

"ಒಂದು ತುತ್ತು ತಿನ್ನೇ, ಸತ್ತುಹೋಗ್ತೀಯ."

"ಇಳೀಲಿ ಅಕ್ಕ. ಇಳಿದ್ರೆ ಅತ್ತೆ ಮತ್ತೆ ನನ್ನ ಕೈಲಿ ಊಟ ಮಾಡ್ತಾರೇನೋ" ಎಂದಳು.

 ಆಗಲೇ ಹೇಳಿಬಿಡಬೇಕಿತ್ತು. ಬಾಯಿತನಕ ಬಂದದ್ದನ್ನು ನುಂಗಿಕೊಂಡೆ. ಹೇಳಿದರೆ ಬೀಗದ ಕೈ ಹೋಗುತ್ತದೆ, ಕಿಟಕಿ ಹೋಗುತ್ತದೆ, ಊರಿನಲ್ಲಿ ಮಾನ ಹೋಗುತ್ತದೆ. ಅವಳು ಮಾತ್ರ ಮೊದಲಿಗಿಂತ ಒಳ್ಳೆಯವಳಾಗಿ ಮಿಂಚುತ್ತಾಳೆ. ಈ ಕೊನೆಯದನ್ನು ನೆನೆಸಿಕೊಂಡರೇ ನನ್ನ ನಾಲಿಗೆ ಕಟ್ಟಿಹೋಗುತ್ತಿತ್ತು.

ಕೊನೆಗೆ ಮನೆಯವರೆಲ್ಲ ಕೂತು, ತೂಕದ ಗುಟ್ಟು ಬಯಲಾಗುವವರೆಗೆ ಅವಳು ತವರಿನಲ್ಲಿರಲಿ ಎಂದು ತೀರ್ಮಾನಿಸಿದರು. ಮೈದುನ ಎದ್ದು ಹೋಗಿ ಅವಳ ಟ್ರಂಕು ಇಳಿಸಿದ. ನಮ್ಮೂರಿನ ಗೇಟು ದಾಟಿ ನೆಲೆ ಬದಲಾಯಿಸುವವರು ಅದಕ್ಕೂ ಕಾರಣದ ಚೀಟಿ ತೋರಿಸಬೇಕು. ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಚೇರಿಯ ಮುಂದೆ ಜಟಕಾ ನಿಂತಿತು. ಅತ್ತೆ, ಮೈದುನ ಅದರಲ್ಲೇ ಕೂತರು. ಕುಮುದ ಒಬ್ಬಳೇ ಇಳಿದು, ಟ್ರಂಕನ್ನು ಕಾಲ ಬಳಿ ಇಟ್ಟುಕೊಂಡು ಸಾಲಿನಲ್ಲಿ ನಿಂತಳು. ಮುಂದಿದ್ದವರು ತಾವಾಗಿಯೇ ಸರಿದು ದಾರಿ ಬಿಟ್ಟರು, ಮರ್ಯಾದೆಗಲ್ಲ, ತಗುಲಬಾರದು ಎಂದು.

"ಬರೀರಿ ಅಕ್ಕ. ಕುಮುದ ಮನೆ ಬಿಟ್ಟು ತವರಿಗೆ ಹೋಗ್ತಿದಾಳೆ ಅಂತ."

ಬರೆದೆ. ತಲೆಯೆತ್ತದೆ, "ಕಾರಣ?" ಎಂದೆ. ಅದು ನನ್ನ ಕೆಲಸ, ಕೇಳಲೇಬೇಕು.

"ಬಿಕಾಸ್ ಆಫ್ ಒತ್ತಿ, ನನ್ನ ಹೆಸರೇ ಹಾಕಿ" ಎಂದಳು. "ಏನು ತಪ್ಪು ಮಾಡಿದೀನೋ ನನಗೇ ಗೊತ್ತಾಗ್ತಿಲ್ಲ ಅಕ್ಕ. ಯೋಚ್ನೆ ಮಾಡೀ ಮಾಡೀ ಸಾಕಾಯ್ತು. ಚಿಕ್ಕವಳಿದ್ದಾಗ ಗೆಳತಿ ಬಳೆ ಒಡೆದು, ನಾನಲ್ಲ ಅಂದಿದ್ದೆ. ಅದೊಂದೇ ನೆನಪಿಗೆ ಬರೋದು. ಅದೇ ಇರ್ಬೇಕು. ತಕ್ಕಡಿ ಸುಳ್ಳು ಹೇಳುತ್ತಾ?"

ಒಂದು ಬಳೆ! ನಾನು ನಲವತ್ತಮೂರು ಚೀಟಿ ತಿರುಚಿ ಹೊಟ್ಟೆ ತುಂಬ ಉಂಡು ಮಲಗಿದವಳು, ಇವಳು ಒಂದು ಗಾಜಿನ ಬಳೆಗೆ ಊರು ಬಿಡಲು ಹೊರಟಿದ್ದಾಳೆ. ಬಿಕಾಸ್ ಆಫ್ ಮುದ್ರೆಯನ್ನು ಶಾಯಿಗೆ ಒತ್ತಿ ಎತ್ತಿಕೊಂಡೆ. ಕೈ ಮುಂದೆ ಹೋಗಲಿಲ್ಲ. ಅದನ್ನಿಟ್ಟು ಡ್ಯೂ ಟು ತೆಗೆದುಕೊಂಡೆ. 'ಡ್ಯೂ ಟು ಕಾಲದೋಷ' ಎಂದರೆ ಸಾಕು, ಯಾರಿಗೂ ಪೆಟ್ಟಿಲ್ಲ, ಗಾಡಿ ಹೊರಡುತ್ತದೆ. ಮನಸ್ಸು ಒಪ್ಪಲಿಲ್ಲ. ಓಯಿಂಗ್ ಟು ಎಂದು ಸತ್ತ ಮಾವನವರ ಹೆಸರು ಬರೆದರೆ? ಪಾಪ, ಅವರೇನು ಮಾಡಿದ್ದರು. ಸಾಲಿನಲ್ಲಿದ್ದವರು ನನ್ನನ್ನೇ ನೋಡುತ್ತಿದ್ದರು, ಭ್ರಮರಮ್ಮ ಇಷ್ಟು ಹೊತ್ತು ಮುದ್ರೆ ಹುಡುಕಿದ್ದನ್ನು ಅವರು ಕಂಡವರಲ್ಲ. ಕುಮುದ ಕಿಟಕಿಯ ಸರಳು ಹಿಡಿದುಕೊಂಡಿದ್ದಳು. ಆ ಮಣಿಕಟ್ಟಿನಲ್ಲಿ ಮೂಳೆ ಎದ್ದು ಕಾಣುತ್ತಿತ್ತು.

ಬಿಕಾಸ್ ಆಫ್ ಮುದ್ರೆಯನ್ನೇ ಮತ್ತೆ ಎತ್ತಿಕೊಂಡು ಒತ್ತಿದೆ. ಮುಂದೆ ನನ್ನ ಹೆಸರು ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ.

ಭಾರ ಮೊದಲು ಮಂಡಿಗೆ ಗೊತ್ತಾಯಿತು. ಆಮೇಲೆ ಸೊಂಟಕ್ಕೆ, ಆಮೇಲೆ ರೆಪ್ಪೆಗೆ ಕೂಡ. ಕುರ್ಚಿ ಕರ್ ಎಂದು ಕೂಗಿ ಒಂದು ಕಾಲು ಮುರಿಯಿತು. ನಾನು ನೆಲಕ್ಕೆ ಕೂತೆ. ಕೂತಲ್ಲಿಂದಲೇ ಕೈಚಾಚಿ ಕಂಬಿ ಎಳೆದುಕೊಂಡು ಆ ಚೀಟಿಗಳನ್ನು ಒಂದೊಂದಾಗಿ ಹುಡುಕಿ ತೆಗೆದೆ. ಡ್ಯೂ ಟು ಎಂಬುದನ್ನು ಗೀಚಿಹಾಕಿ ಥ್ಯಾಂಕ್ಸ್ ಟು ಒತ್ತಿದೆ. ಎಣ್ಣೆ, ಶುಂಠಿ, ಗೊಬ್ಬರ, ಬಿಸಿಲು ಎಲ್ಲವನ್ನೂ ಹೊಡೆದುಹಾಕಿ ಕುಮುದ, ಕುಮುದ, ಕುಮುದ ಎಂದು ಬರೆದೆ. ಒಂದೊಂದನ್ನೂ ಸಾಲಿಗೆ ಕೇಳುವ ಹಾಗೆ ಓದಿ ಹೇಳಿದೆ. ಇಪ್ಪತ್ತನೆಯದಕ್ಕೆ ಅವಳ ಹಿಮ್ಮಡಿ ನೆಲ ಬಿಟ್ಟಿತು. ಮೂವತ್ತಕ್ಕೆ ಪೂರ್ತಿ ಮೇಲೆದ್ದಳು. ಸಾಲಿನಲ್ಲಿದ್ದ ಹೆಂಗಸರು ಅಯ್ಯಯ್ಯೋ ಎಂದು ಸೆರಗು ಹಿಡಿದು ಎಳೆದರು. ನಲವತ್ತಮೂರು ಮುಗಿಯುವ ಹೊತ್ತಿಗೆ ಅವಳು ಸರಳು ಬಿಟ್ಟರೆ ಹಂಚಿಗೆ ಹೋಗಿ ತಗುಲುವ ಹಾಗಾಗಿದ್ದಳು.

ಗಲಾಟೆ ಕೇಳಿ ಅತ್ತೆ ಜಟಕಾದಿಂದ ಇಳಿದು ಬಂದರು. ಮೇಲೆ ನೋಡಿದರು, "ಮಗಳೇ" ಎಂದು ಅವಳ ಪಾದ ಹಿಡಿದುಕೊಂಡು ಅತ್ತರು. ಆಮೇಲೆ ಕಿಟಕಿಯೊಳಗೆ ಬಗ್ಗಿ ನನ್ನನ್ನು ನೋಡಿದರು.

"ಎಣ್ಣೆಗೆ ಹಾಕಿದ್ಯಾ ಭ್ರಮರ?"

"ಹೂಂ ಅತ್ತೆ."

"ನಾನು ಇವಳ ಹೆಸರೇ ಹೇಳಿದ್ನಲ್ಲೇ."

"ನನ್ನ ಹೆಸರು ಒಂದು ಸಲವಾದ್ರೂ ಹೇಳಿದ್ರಾ ಅತ್ತೆ?" ಎಂದೆ. ಅಷ್ಟು ಜನರ ಮುಂದೆ, ನೆಲದ ಮೇಲೆ ಕೂತು, ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಅಲ್ಲೇ ನಿಂತರು.

ಆಗ ಮೇಲಿನಿಂದ ಕುಮುದಳ ದನಿ. "ಅಕ್ಕ, ಇನ್ನೊಂದು ಚೀಟಿ ಬರೀರಿ. ಕುಮುದ ಊರು ಬಿಡಲಿಲ್ಲ ಅಂತ. ಥ್ಯಾಂಕ್ಸ್ ಟು ಒತ್ತಿ, ಭ್ರಮರಾಂಬ ಅಂತ ಹಾಕಿ."

 ಹತ್ತೊಂಬತ್ತು ವರ್ಷದಲ್ಲಿ ಆ ಕಿಟಕಿಯಲ್ಲಿ ನನ್ನ ಹೆಸರು ಹೇಳಿದವರು ಅವಳೊಬ್ಬಳೇ. 'ಕುಮುದ ಊರು ಬಿಡಲಿಲ್ಲ' ಎಂದು ಬರೆದೆ. ಥ್ಯಾಂಕ್ಸ್ ಟು ಮುದ್ರೆ ಕೈಯಲ್ಲೇ ಇತ್ತು. ಒತ್ತಿದ್ದರೆ ಅರ್ಧ ಭಾರ ಇಳಿಯುತ್ತಿತ್ತು, ಕೊನೆಯ ಪಕ್ಷ ಎದ್ದು ಮನೆಗೆ ನಡೆದು ಹೋಗಬಹುದಿತ್ತು. ಕತ್ತೆತ್ತಿ ಅವಳನ್ನು ನೋಡಿದೆ. ಸೆರಗು ಗಾಳಿಗೆ ಬಿಚ್ಚಿಕೊಂಡಿತ್ತು, ಮುಖ ಸೊರಗಿದ್ದರೂ ಬೆಳ್ಳಗೆ ನಗುತ್ತಿತ್ತು, ಕಣ್ಣಲ್ಲಿ ನೀರು, ನನ್ನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ. ಇಷ್ಟೆಲ್ಲ ಆದ ಮೇಲೂ ಎಷ್ಟು ಸಲೀಸಾಗಿ ಕ್ಷಮಿಸಿಬಿಡುತ್ತಾಳೆ, ಎಷ್ಟು ಚೆನ್ನಾಗಿ ಒಪ್ಪುತ್ತದೆ ಅವಳಿಗೆ!

ಮುದ್ರೆ ಕೆಳಗಿಟ್ಟೆ. ಡ್ಯೂ ಟು ಎತ್ತಿಕೊಂಡು ಒತ್ತಿ, 'ಗೇಟು ದಾಟುವ ಚೀಟಿ ಕೈಗೆ ಸಿಗದಿದ್ದದ್ದು' ಎಂದು ಬರೆದು, ಗಟ್ಟಿಯಾಗಿ ಓದಿ, ಕಂಬಿಗೆ ಚುಚ್ಚಿದೆ. ಭ್ರಮರಮ್ಮನ ಪಶ್ಚಾತ್ತಾಪ ಎಂದರೆ ಪಶ್ಚಾತ್ತಾಪ ಎಂದು ಜನ ಇವತ್ತಿಗೂ ಆ ಚೀಟಿಯ ಕಥೆ ಹೇಳಿ ಕೈಮುಗಿಯುತ್ತಾರೆ. ಹಾಗೇನೂ ಅಲ್ಲ. ನನ್ನ ಭಾರ ಇಳಿಸಿದ ಪುಣ್ಯವೂ ಅವಳಿಗೇ ಸೇರುವುದನ್ನು ನೋಡಲು ನನಗೆ ಹೊಟ್ಟೆ ಉರಿಯಿತು.